ಯಾವ್ ಕಡ?

ಜೀರಹಳ್ಳಿಯ ಈಚೆ, ಕಾಡು ಮುಗಿದು
ಮುಸುಕಿನ ಜೋಳ ಶುರುವಾಗುವಲ್ಲಿ ರಾಚತ್ತೆಯ ಅಟ್ಟಣೆ.
ನಾಲ್ಕು ಕಾಲು; ಬಡಗಣ ಕಾಲಿಗೆ ಗೆದ್ದಲು.
ಮೇಲೆ ಒಂದು ಕಂಬಳಿ, ಎಲೆಯಡಿಕೆ ಚೀಲ,
ಬಡಿಯಲು ಖಾಲಿ ಎಣ್ಣೆ ಡಬ್ಬ, ಬ್ಯಾಟರಿ,
ಮತ್ತು ಈ ವಾರ, ಕಾಲೇಜಿಗೆ ರಜೆಯೆಂದು, ನಾನು.

ಇಲ್ಲಿ ಫೋನು ಕೂತಲ್ಲೇ ರಾಜ್ಯ ಬದಲಿಸುತ್ತದೆ:
ಎಡಕ್ಕೆ ಹೊರಳಿದರೆ ತಮಿಳಿನಲ್ಲಿ ಸ್ವಾಗತ, ಬಲಕ್ಕೆ ಕನ್ನಡದಲ್ಲಿ.
ಅವರು ಬರುವ ಹಾದಿಗೆ ಮಾತ್ರ ಯಾರೂ ಗಡಿಕಲ್ಲು ನೆಟ್ಟಿಲ್ಲ.
ಅವರು ಅಂದರೆ, ಅತ್ತೆ ರಾತ್ರಿ ಹೆಸರು ಹಿಡಿಯುವುದಿಲ್ಲ.
ಹಗಲಲ್ಲಿ ಆನೆ. ಕತ್ತಲಾದ ಮೇಲೆ ದೊಡ್ಡೋರು.

ಒಂದೂವರೆಗೆ ಫೋನು ಗುರ್ರೆಂದಿತು.
'ಅದ್ಯಾಕ್ ಮಗ ಬಡ್ಕತದ?'

ಮೇಲೊಂದು ದೂರದರ್ಶಕ ಇದೆ ಅತ್ತೆ,
ನಾನು ಹುಟ್ಟಿದ ವರ್ಷ ಹಾರಿಸಿದ್ದು,
ಒಂದೂವರೆ ಗಂಟೆಗೊಂದು ಸುತ್ತು, ಇವತ್ತಿಗೂ.
ನಿನ್ನೆ ಇಲ್ಲದ್ದು ಇವತ್ತು ಇದೆಯೋ ನೋಡುವುದು, ಅಷ್ಟೇ ಕೆಲಸ.
ಎಲ್ಲೋ ನಕ್ಷತ್ರವೊಂದು ಕುಸಿದು ಬೆಳಕು ಸಿಡಿದರೆ
ಹಿಡಿದದ್ದನ್ನು ಬಿಟ್ಟು ಅತ್ತ ಕತ್ತು ತಿರುಗಿಸುತ್ತದೆ,
ತಿರುಗುತ್ತಲೇ ಕೆಳಗಿನವರಿಗೆ ಕೂಗು ಹಾಕುತ್ತದೆ.
ಆ ಕೂಗಿನ ಬಾಲದ ತುದಿ ಈ ಫೋನಿಗೂ ತಾಕುತ್ತದೆ.

ಅವಳು ಬೆರಗಾಗಲಿಲ್ಲ. ಎಲೆಗೆ ಸುಣ್ಣ ಸವರುತ್ತ
ಕಾವಲಿನವರು ಕೇಳುವ ಮಾತನ್ನೇ ಕೇಳಿದಳು:
'ಯಾವ್ ಕಡ?'

ಓದಿ ಹೇಳಿದೆ. ಇಷ್ಟು ಡಿಗ್ರಿ, ಇಷ್ಟು ಕಲೆ,
ತಪ್ಪಿದರೂ ಇಷ್ಟಗಲದ ಬಳೆಯೊಳಗೆ ಎಲ್ಲೋ ಒಂದು ಕಡೆ.
ನಮ್ಮ ಲೆಕ್ಕಕ್ಕೆ ತಲಮಲೆಯ ನೆತ್ತಿಯಿಂದ ಎರಡು ಮೊಳ ಮೇಲೆ.
ಬೆರಳು ಚಾಚಿದೆ. ಅಲ್ಲಿ ಏನೂ ಇರಲಿಲ್ಲ.
ಆ ಬೆಳಕು ಹೊರಟಾಗ ಈ ಮಲೆಗೆ ಮಣ್ಣೇ ಇರಲಿಲ್ಲ.

ಪೊರೆ ಬಂದ ಕಣ್ಣಲ್ಲಿ ಅವಳು ಆ ಏನೂ ಇಲ್ಲದ್ದನ್ನು
ನನಗಿಂತ ಹೆಚ್ಚು ಹೊತ್ತು ನೋಡಿದಳು.
'ಸತ್ತದ್ದು ಯಾವಾಗ್ಲೋ, ಸುದ್ದಿ ಈಗ ಬಂತು.
ನಿಮ್ ಮಾವಂದೂ ಹಂಗೇ. ಧಿಂಬಂ ತಿರುವಲ್ಲಿ ಲಾರಿ ಬಿದ್ದು
ಸುದ್ದಿ ಬರೋಗಂಟ ನಾನು ಸಾರಿಗ ಒಗ್ಗರಣೆ ಹಾಕ್ತ ಕೂತಿದ್ದಿ.'

ಕಾಡಿನ ಕಡೆಯಿಂದ ಗಾಳಿ ಬಂತು, ಹೋಯಿತು.

'ಅದ್ಕ ವಯಸ್ಸಾಗಿಲ್ವ?'
ಆಗಿದೆ. ತಿರುಗಿಸುವ ಚಕ್ರದಲ್ಲೊಂದು ನಿಂತುಹೋಗಿದೆ,
ಉಳಿದವುಗಳಲ್ಲಿ ತಿರುಗುವುದನ್ನು ಕಲಿಸಿದ್ದಾರೆ.
ವರ್ಷವರ್ಷವೂ ಒಂದಿಷ್ಟು ಕೆಳಗಿಳಿಯುತ್ತದೆ,
ತೆಳ್ಳನೆ ಗಾಳಿ ಅಂಗಾಲು ಸವೆಸುತ್ತದೆ.
ಅವಳು ಹಿಮ್ಮಡಿಯಿಂದ ಅಟ್ಟಣೆಯನ್ನೊಮ್ಮೆ ಒದ್ದು ನೋಡಿದಳು.
ಬಡಗಣ ಕಾಲು ಕಿರ್ರೆಂದಿತು.

ಆಗಲೇ ಒಂದು ದಂಟು ಮುರಿದದ್ದು.
ಒಂದೇ.
ಅವಳ ಕೈ ಮೇಲೆದ್ದಿತು. ಬ್ಯಾಟರಿಗಿಂತ ಮೊದಲು ಗಲ್ಲ ತಿರುಗಿತು.
ಯಾವ ಕಡೆ, ಈಗ ನಾನು ಪಿಸುಗುಟ್ಟಿದೆ.
ಹೊಂಗೆ ಮರದಿಂದ ಕಂದಕದವರೆಗೆ
ಕತ್ತಲಲ್ಲಿ ಬೆರಳಿನಿಂದ ಒಂದು ಬಳೆ ಬರೆದಳು:
'ಇದ್ರೊಳ್ಗ ಎಲ್ಲೋ.'

ಆಮೇಲೆ ಡಬ್ಬ. ಅವಳದ್ದು ಕೇಳಿ ಮಾದೇವಿಯ ಹೊಲದ ಡಬ್ಬ,
ಅದನ್ನು ಕೇಳಿ ಯಾರದೋ ಸಿಳ್ಳೆ, ಹಳ್ಳದಾಚೆ ಒಂದು ಪಟಾಕಿ,
ತಿಗಣಾರೆ ಕಡೆಯವರೆಗೂ ಬೆಳಕುಗಳು ಒಂದೊಂದಾಗಿ
ಒಂದೇ ದಿಕ್ಕಿಗೆ ವಾಲಿದವು.

ಬೆಳಿಗ್ಗೆ ಕಂದಕದ ಅಂಚಿನಲ್ಲಿ ಮೊರದಗಲದ ಒಂದು ಹೆಜ್ಜೆ.
ಅದರೊಳಗೆ ಆಗಲೇ ಇರುವೆ ಓಡಾಡುತ್ತಿತ್ತು.
ಫೋನಿನಲ್ಲಿ, ಬಳೆ ಎಳ್ಳಿನಷ್ಟಕ್ಕೆ ಇಳಿದಿದೆ, ಬೆಳಕು ಮಾಸುತ್ತಿದೆ,
ಯಾವುದೋ ದೇಶದ ಇನ್ನೊಂದು ಕಣ್ಣು ಕಂಡಿದೆ ಅಂತ.

ಅತ್ತೆ ಗೆದ್ದಲು ಕೆರೆದು, ಕಾಲಿಗೆ ಹಸಿ ಬಿದಿರು ಆನಿಸಿದಳು.
'ಮೇಲಿನದ್ಕ ಇದ್ನ ಯಾರ್ ಮಾಡರು?' ಅಂದಳು.
ನನಗೆ ಗೊತ್ತಿರಲಿಲ್ಲ.
ಅವಳು ಬಿಗಿಯುವ ತನಕ ಹಗ್ಗದ ತುದಿ ಹಿಡಿದು ನಿಂತೆ.